ಸ್ವಲೀನತೆಯ ಮಕ್ಕಳಿಗೆ ಸಂಗೀತ ಮತ್ತು ಆಟಗಳ ಸಂಯುಕ್ತ ಚಿಕಿತ್ಸೆ: ಒಂದು ವಿವೇಚನೆ

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತಗಳನ್ನೊಳಗೊಂಡ ಲೇಖನವೊಂದನ್ನು ಪ್ರಕಟಿಸಿದರು. ಇಂದು ಸ್ವಲೀನತೆ ಅಥವಾ ಆಟಿಸಂ ಎಂದು ಕರೆಯಲಾಗುವ ಸ್ಥಿತಿಯ ವೈದ್ಯಕೀಯ ಇತಿಹಾಸವನ್ನು ವಾಡಿಕೆಯಾಗಿ ಈ ಲೇಖನದಿಂದಲೇ ಆರಂಭಿಸಲಾಗುತ್ತದೆ. ರಷ್ಯಾದ ವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದಲ್ಲಿಯೇ ಇಂಥ ಮಕ್ಕಳನ್ನು ವರ್ಣಿಸಿದ್ದರೆಂಬುದು ಬಹುಕಾಲ ಮರೆತುಹೋಗಿದ್ದ ಸಂಗತಿ. ಕ್ಯಾನರರ ಲೇಖನದಲ್ಲಿ ಎರಡು ಬಗೆಯ ವಿವರಗಳು ಅಕ್ಕಪಕ್ಕದಲ್ಲಿಯೇ ಬರುತ್ತವೆ. ಅವರು ವರ್ಣಿಸಿದ ಮೊದಲ ಬಾಲಕ ಡೊನಾಲ್ಡ್ ಒಂದು ವರ್ಷದವನಿದ್ದಾಗಲೇ ಅನೇಕ ಧಾಟಿಗಳನ್ನು ತಪ್ಪಿಲ್ಲದೆ ಗುನುಗಬಲ್ಲವನಾಗಿದ್ದನು. ಮತ್ತೊಬ್ಬ ಬಾಲಕ ಒಂದೂವರೆ ವರ್ಷದ ವಯಸ್ಸಿನಲ್ಲಿ ಹದಿನೆಂಟು ಸಿಂಫೊನಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದನೆಂದು ಅವನ ತಾಯಿ ತಿಳಿಸಿದ್ದರು. ಇವೇ ಮಕ್ಕಳ ಆಟದ ಬಗೆಗೆ ಕ್ಯಾನರ್ ಕೊಡುವ ಚಿತ್ರ ಮಾತ್ರ ತೀರ ಭಿನ್ನವಾದುದು. ಡೊನಾಲ್ಡ್ ಮರದ ತುಂಡುಗಳನ್ನೂ ತಟ್ಟೆಗಳನ್ನೂ ದುಂಡನೆಯ ಯಾವುದೇ ವಸ್ತುವನ್ನೂ ತಿರುಗಿಸುತ್ತ ಕುಳಿತರೆ ಸುತ್ತಲಿನ ಮಕ್ಕಳ ಇರವೇ ಅವನಿಗೆ ಇರುತ್ತಿರಲಿಲ್ಲ.

ಧ್ವನಿಯ ಲೋಕಕ್ಕೆ ಇಷ್ಟು ಸೂಕ್ಷ್ಮವಾಗಿ ತೆರೆದುಕೊಂಡ ಮಗು ಆಟದ ಲೋಕದಲ್ಲಿ ಒಂಟಿಯಾಗಿ ಉಳಿಯುವುದೇಕೆ ಎಂಬ ಪ್ರಶ್ನೆಯನ್ನು ಕ್ಯಾನರ್ ಎತ್ತಲಿಲ್ಲ. ಆದರೆ ಮುಂದಿನ ದಶಕಗಳಲ್ಲಿ ಸಂಗೀತ ಚಿಕಿತ್ಸೆ ಮತ್ತು ಆಟದ ಚಿಕಿತ್ಸೆಗಳು ಪ್ರತ್ಯೇಕ ಹಾದಿಗಳಲ್ಲಿ ಬೆಳೆದು, ಕೊನೆಗೆ ಅಲ್ಲಲ್ಲಿ ಕೂಡಿಕೊಂಡಾಗ ಈ ಪ್ರಶ್ನೆಯೇ ಎರಡಕ್ಕೂ ಸಂಧಿಸ್ಥಾನವಾಯಿತು. ಈ ಎರಡು ವಿಧಾನಗಳನ್ನು ಜೊತೆಗೂಡಿಸುವುದೆಂದರೆ ಎರಡು ಔಷಧಗಳನ್ನು ಬೆರೆಸಿದಂತೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇಲ್ಲಿ ನಡೆಯುವುದು ಬೇರೆ. ಸ್ವಲೀನತೆಯ ಮಗುವಿಗೆ ಆಟದಲ್ಲಿ ಎದುರಾಗುವ ಮುಖ್ಯ ತೊಡಕನ್ನು ಬದಿಗಿಟ್ಟು ಆಡಬಹುದಾದ ಆಟವೊಂದನ್ನು ಸಂಗೀತ ಒದಗಿಸುತ್ತದೆ. ಆ ತೊಡಕು ಯಾವುದೆಂಬುದನ್ನು ಮೊದಲು ನೋಡಬೇಕು.

ಸೋಗಿನ ಆಟ ಎಂಬ ತೊಡಕು

ಆಟದ ಮೂಲಕ ಮಗುವಿನ ಮನಸ್ಸನ್ನು ಮುಟ್ಟುವ ಪ್ರಯತ್ನಗಳಲ್ಲಿ ಮೆಲನಿ ಕ್ಲೈನ್ ಅವರದು ಮೊದಲ ಸಾಲಿನದು. 1930ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದರಲ್ಲಿ ಡಿಕ್ ಎಂಬ ನಾಲ್ಕು ವರ್ಷದ ಬಾಲಕ ಬರುತ್ತಾನೆ. ಆತನಿಗೆ ಆಟಿಕೆಗಳಲ್ಲಿ ಆಸಕ್ತಿಯಿಲ್ಲ, ತಾಯಿ ಹತ್ತಿರವಿದ್ದರೂ ದೂರವಿದ್ದರೂ ವ್ಯತ್ಯಾಸವಿಲ್ಲ. ರೈಲುಗಳು ಮತ್ತು ಬಾಗಿಲ ಹಿಡಿಕೆಗಳು ಮಾತ್ರ ಬೇಕು. ಸ್ವಲೀನತೆ ಎಂಬ ನಿದಾನವೇ ಇಲ್ಲದಿದ್ದ ಆ ಕಾಲದಲ್ಲಿ ಕ್ಲೈನ್ ಈ ಸ್ಥಿತಿಗೆ ಬೇರೆ ಹೆಸರಿಟ್ಟರು; ಅನಂತರದ ಅನೇಕ ವಿದ್ವಾಂಸರು ಡಿಕ್‌ನಲ್ಲಿ ಸ್ವಲೀನತೆಯನ್ನೇ ಕಂಡಿದ್ದಾರೆ. ದೊಡ್ಡ ರೈಲನ್ನು ತಂದೆಯೆಂದೂ ಸಣ್ಣ ರೈಲನ್ನು ಡಿಕ್ ಎಂದೂ ಹೆಸರಿಸಿ ಕ್ಲೈನ್ ಆಟವನ್ನು ಆರಂಭಿಸಿದರು. ಮಗುವಿಗೆ ತಾನಾಗಿ ಬಾರದ ಸಂಕೇತವನ್ನು ಚಿಕಿತ್ಸಕಿಯೇ ತಂದು ಆಟದೊಳಗೆ ಇಡಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ವರ್ಜೀನಿಯಾ ಆ್ಯಕ್ಸ್‌ಲಿನ್ ಅವರ ದಾರಿ ಇದಕ್ಕೆ ವಿರುದ್ಧವಾದುದು. 1947ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಅವರು ಮಗುವನ್ನು ಇದ್ದಂತೆ ಒಪ್ಪಿಕೊಳ್ಳುವುದು, ದಾರಿ ತೋರಿಸುವ ಹೊಣೆಯನ್ನು ಮಗುವಿಗೇ ಬಿಡುವುದು, ಅವಸರಿಸದಿರುವುದು ಮೊದಲಾದ ಎಂಟು ತತ್ತ್ವಗಳನ್ನು ನಿರೂಪಿಸಿದರು. ಇಂದಿಗೂ ಆಟದ ಚಿಕಿತ್ಸೆಯ ತರಬೇತಿಯಲ್ಲಿ ಈ ಎಂಟು ತತ್ತ್ವಗಳನ್ನು ಬೋಧಿಸಲಾಗುತ್ತದೆ. ಆದರೆ ಆ್ಯಕ್ಸ್‌ಲಿನ್ ಮಾದರಿಯ ಹಿಂದೆ ಒಂದು ನಂಬಿಕೆಯಿದೆ: ಬೊಂಬೆ, ಮರಳು, ಬಣ್ಣಗಳನ್ನು ಕೊಟ್ಟರೆ ಮಗು ತನ್ನ ಅಂತರಂಗವನ್ನು ಅವುಗಳ ಮೂಲಕ ಆಡಿ ತೋರಿಸುತ್ತದೆ ಎಂಬುದೇ ಆ ನಂಬಿಕೆ. ಬೊಂಬೆಯನ್ನು ಮಗುವೆಂದು ಬಗೆದು ಮಲಗಿಸುವುದು, ಮಣ್ಣನ್ನು ಅನ್ನವೆಂದು ಬಡಿಸುವುದು, ಕೋಲನ್ನು ಕುದುರೆಯೆಂದು ಏರುವುದು ಎಲ್ಲ ಮಕ್ಕಳಿಗೂ ಸಹಜವೆಂದು ಅದು ಭಾವಿಸುತ್ತದೆ.

ಸ್ವಲೀನತೆಯ ಅನೇಕ ಮಕ್ಕಳಿಗೆ ಕಷ್ಟವಾಗುವುದು ಇದೇ. ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ 1979ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿ, ಸಾಮಾಜಿಕ ಒಡನಾಟ ಹಾಗೂ ಸಂವಹನದ ತೊಂದರೆಗಳ ಜೊತೆಯಲ್ಲಿಯೇ ಕಲ್ಪನೆಯ ಆಟದ ಕೊರತೆಯೂ ಕಂಡುಬರುವುದೆಂದು ತೋರಿಸಿದರು. ಮಗುವಿನ ಆಟ ಮೊದಲು ಅಂಗಚಲನೆಯ ಪುನರಾವರ್ತನೆಯಾಗಿಯೂ ಬಳಿಕ ಸಾಂಕೇತಿಕ ಆಟವಾಗಿಯೂ ಕೊನೆಗೆ ನಿಯಮಗಳ ಆಟವಾಗಿಯೂ ಬೆಳೆಯುತ್ತದೆಂದು ಹೇಳಿದ ಪಿಯಾಜೆಯವರ ವಿಂಗಡಣೆಯನ್ನು ಇಲ್ಲಿ ಅನ್ವಯಿಸಿದರೆ ಸಂಗತಿ ಸ್ಪಷ್ಟವಾಗುತ್ತದೆ. ಈ ಮಕ್ಕಳಲ್ಲಿ ಮೊದಲನೆಯದು ಸಮೃದ್ಧವಾಗಿರುತ್ತದೆ, ಮೂರನೆಯದು ಹಲವರಿಗೆ ಒಗ್ಗುತ್ತದೆ; ನಡುವಿನದು ಮಾತ್ರ ದುರ್ಲಭ. ಒಂದನ್ನು ಮತ್ತೊಂದೆಂದು ಇಬ್ಬರೂ ಕೂಡಿ ಬಗೆಯುವ ಈ ಒಪ್ಪಂದದ ಆಟವನ್ನು ಅನುಕೂಲಕ್ಕಾಗಿ ಸೋಗಿನ ಆಟವೆಂದು ಕರೆಯಬಹುದು.

ಸೋಗಿನ ಆಟವನ್ನು ಕಲಿಸಲಾಗದೆಂದು ಇದರ ಅರ್ಥವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನಿ ಕಸಾರಿ ಮತ್ತು ಸಂಗಡಿಗರು 3 ಮತ್ತು 4 ವರ್ಷದ 58 ಮಕ್ಕಳೊಡನೆ ನಡೆಸಿ 2006ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸಾಂಕೇತಿಕ ಆಟವನ್ನೂ ಜಂಟಿ ಅವಧಾನವನ್ನೂ ಹಂತ ಹಂತವಾಗಿ ಕಲಿಸಿದಾಗ ಮಕ್ಕಳು ಮುನ್ನಡೆ ಸಾಧಿಸಿದರು. ಜಂಟಿ ಅವಧಾನವೆಂದರೆ ಮಗು ಮತ್ತು ಇನ್ನೊಬ್ಬರು ಒಂದೇ ವಸ್ತುವಿನತ್ತ ಗಮನವಿಟ್ಟು, ಹಾಗೆ ಇಟ್ಟಿರುವುದನ್ನು ಪರಸ್ಪರ ಬಲ್ಲವರಾಗಿರುವುದು. ಹಾರುವ ಹಕ್ಕಿಯನ್ನು ತೋರಿಸಿ ಅಮ್ಮನ ಮುಖವನ್ನು ನೋಡುವ ಮಗು ಮಾಡುವುದು ಇದನ್ನೇ. ಸ್ಟಾನ್ಲಿ ಗ್ರೀನ್‌ಸ್ಪಾನ್ ಅವರು ಸೆರೀನಾ ವೀಡರ್ ಜೊತೆಗೂಡಿ ರೂಪಿಸಿದ, ದೊಡ್ಡವರು ನೆಲದ ಮೇಲೆ ಕುಳಿತು ಮಗುವಿನ ಆಸಕ್ತಿಯನ್ನೇ ಹಿಂಬಾಲಿಸುವ ಪದ್ಧತಿಯೂ ಇದೇ ದಿಕ್ಕಿನದು. ಆದರೆ ಈ ವಿಧಾನಗಳಲ್ಲಿ ಆಟಿಕೆಯೇ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಬಂಡಿಯ ಚಕ್ರ ತಿರುಗತೊಡಗಿದರೆ ಮಗುವಿನ ಗಮನವೆಲ್ಲ ಚಕ್ರದಲ್ಲಿಯೇ ಮುಗಿದುಹೋಗುತ್ತದೆ. ಬಂಡಿಯ ಆಚೆ ಕುಳಿತಿರುವ ಮನುಷ್ಯನವರೆಗೆ ಅದು ತಲುಪುವುದಿಲ್ಲ.

ಸಂಗೀತವೆಂಬ ಆಟ

ಚೆಲ್ಲೊ ವಾದಕಿ ಜೂಲಿಯೆಟ್ ಆಲ್ವಿನ್ ಬ್ರಿಟನ್ನಿನಲ್ಲಿ 1958ರಲ್ಲಿ ಸಂಗೀತ ಚಿಕಿತ್ಸೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಸ್ವಲೀನತೆಯ ಮಗುವಿಗೆ ಸಂಗೀತ ಚಿಕಿತ್ಸೆಯನ್ನು ಕುರಿತ ಅವರ ಗ್ರಂಥ 1978ರಲ್ಲಿ ಪ್ರಕಟವಾಯಿತು. ಇದೇ ಅವಧಿಯಲ್ಲಿ ನಡೆದ ಮತ್ತೊಂದು ಬೆಳವಣಿಗೆ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು. 1959ರಲ್ಲಿ ಅಮೆರಿಕದ ವಾಗ್ಗೇಯಕಾರ ಹಾಗೂ ಪಿಯಾನೊ ವಾದಕ ಪಾಲ್ ನಾರ್ಡಾಫ್ ಇಂಗ್ಲೆಂಡಿನ ವೂಸ್ಟರ್‌ಶೈರಿನ ಸನ್‌ಫೀಲ್ಡ್ ಮಕ್ಕಳ ಗೃಹಕ್ಕೆ ಬಂದರು. ಅಲ್ಲಿ ವಿಶೇಷ ಶಿಕ್ಷಕರಾಗಿದ್ದ ಕ್ಲೈವ್ ರಾಬಿನ್ಸ್ ಅವರೊಡನೆ ಆರಂಭಗೊಂಡ ಸಹಕಾರ್ಯ ನಾರ್ಡಾಫ್ 1977ರಲ್ಲಿ ತೀರಿಕೊಳ್ಳುವವರೆಗೆ ಮುಂದುವರಿಯಿತು. ಒಬ್ಬರು ಪಿಯಾನೊ ಮುಂದೆ, ಇನ್ನೊಬ್ಬರು ಮಗುವಿನ ಪಕ್ಕದಲ್ಲಿ ಎಂಬುದು ಅವರ ಕ್ರಮ. ಮೊದಲೇ ರಚಿಸಿದ ಸಂಗೀತವನ್ನು ಕೇಳಿಸುವುದಕ್ಕಿಂತ ಮಗು ಆ ಗಳಿಗೆಯಲ್ಲಿ ಮಾಡುತ್ತಿರುವುದನ್ನೇ ಸಂಗೀತವನ್ನಾಗಿಸಿ ಮರಳಿಸುವುದು ಅವರ ವಿಧಾನದ ಜೀವಾಳ. ನಮ್ಮ ಪರಿಭಾಷೆಯಲ್ಲಿ ಇದನ್ನು ಮಗುವಿನ ಮನೋಧರ್ಮಕ್ಕೆ ವಾದಕ ನೀಡುವ ಪಕ್ಕವಾದ್ಯವೆನ್ನಬಹುದು.

ಅವರು 1977ರ ಗ್ರಂಥದಲ್ಲಿ ದಾಖಲಿಸಿರುವ ಎಡ್ವರ್ಡ್ ಎಂಬ ಬಾಲಕನ ವೃತ್ತಾಂತ ಈ ಕ್ಷೇತ್ರದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವಂಥದು. ಐದೂವರೆ ವರ್ಷದ ಈ ಬಾಲಕನಿಗೆ ಮಾತಿರಲಿಲ್ಲ. ಕೋಣೆಗೆ ಬಂದೊಡನೆ ಅವನು ಅರಚಿ ಅಳತೊಡಗಿದನು. ಸಾಮಾನ್ಯವಾಗಿ ಯಾರೇ ಆದರೂ ಅಳುವನ್ನು ನಿಲ್ಲಿಸಲು ಯತ್ನಿಸುತ್ತಾರೆ ಅಥವಾ ಅದು ನಿಲ್ಲುವವರೆಗೆ ಕಾಯುತ್ತಾರೆ. ನಾರ್ಡಾಫ್ ಎರಡನ್ನೂ ಮಾಡಲಿಲ್ಲ. ಅಳುವಿನ ಶ್ರುತಿಯನ್ನು ಹಿಡಿದು, ಅದರ ಏರಿಳಿತಕ್ಕೂ ತೀವ್ರತೆಗೂ ಸರಿಹೊಂದುವಂತೆ ಪಿಯಾನೊ ನುಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಅಳು ವಾದ್ಯದ ಸ್ವರಗಳನ್ನು ಅನುಸರಿಸತೊಡಗಿತು. ಅಳುವೂ ಹಾಡೂ ಅಲ್ಲದ, ಎರಡರ ನಡುವಿನ ಒಂದು ಧ್ವನಿ ಕೇಳಿಬಂದಿತು. ಮುಂದಿನ ಭೇಟಿಗಳಲ್ಲಿ ಸ್ವರವಿನಿಮಯ ಇನ್ನೂ ನಿಚ್ಚಳವಾಯಿತು. ಇದೊಂದು ಪವಾಡವೆಂಬಂತೆ ಕೆಲವರು ಬಣ್ಣಿಸುವುದುಂಟು. ಪವಾಡದ ಮಾತು ಇಲ್ಲಿ ಅನಗತ್ಯ. ತಾನು ಹೊರಡಿಸಿದ ಧ್ವನಿ ಹೊರಗಿನಿಂದ ಬೇರೊಂದು ರೂಪದಲ್ಲಿ ಮರಳಿ ಬರುವುದನ್ನು ಮಗು ಗಮನಿಸಿತು. ಮತ್ತೆ ಧ್ವನಿ ಮಾಡಿ ನೋಡಿತು, ಮತ್ತೆ ಮರಳಿ ಬಂತು. ಚೆಂಡನ್ನು ಎಸೆದು ಹಿಡಿಯುವ ಆಟದ ಸ್ವರೂಪವೇ ಇದು. ಚೆಂಡಿನ ಸ್ಥಾನದಲ್ಲಿ ಸ್ವರವಿದೆ.

ಈ ಆಟಕ್ಕೆ ಸೋಗು ಬೇಡ. ಡೋಲಿನ ಪೆಟ್ಟು ಡೋಲಿನ ಪೆಟ್ಟೇ ಹೊರತು ಅದನ್ನು ಬೇರೊಂದೆಂದು ಬಗೆಯಬೇಕಾಗಿಲ್ಲ. ಆಟಿಕೆಯಂತೆ ಅದು ಮಗುವನ್ನು ತನ್ನೊಳಗೇ ಮುಳುಗಿಸಿಕೊಳ್ಳುವುದೂ ಇಲ್ಲ, ಏಕೆಂದರೆ ಅದರ ಅರ್ಧಭಾಗ ಇನ್ನೊಬ್ಬ ಮನುಷ್ಯನ ಕೈಯಲ್ಲಿದೆ. ಪುನರಾವರ್ತನೆ ಇಲ್ಲಿ ದೋಷವೂ ಅಲ್ಲ. ಮಗು ಅದೇ ಲಯವನ್ನು ಐವತ್ತು ಸಲ ಬಾರಿಸಿದರೆ ತರಗತಿಯಲ್ಲಿ ಅದು ಸಮಸ್ಯೆ. ಸಂಗೀತದಲ್ಲಿ ಅದು ಆವರ್ತನ. ಐವತ್ತೊಂದನೆಯ ಸಲ ಚಿಕಿತ್ಸಕ ಕೊನೆಯ ಪೆಟ್ಟನ್ನು ತಡೆಹಿಡಿದರೆ ಮಗುವಿನ ಕೈ ನಿಲ್ಲುತ್ತದೆ, ಬಹುಶಃ ತಲೆ ಮೇಲೇಳುತ್ತದೆ. ತಡೆಹಿಡಿದ ಆ ಒಂದು ಪೆಟ್ಟಿನಲ್ಲಿಯೇ ಚಿಕಿತ್ಸೆಯ ಬಹುಭಾಗ ಅಡಗಿದೆ. ಮುಂದೇನೆಂದು ತಿಳಿದಿರುವ ಮಗುವಿಗೆ ಮಾತ್ರ ಕಾಯುವುದು ಸಾಧ್ಯ. ಕಾಯುವ ಮಗು ತಾನು ಕಾಯುತ್ತಿರುವುದನ್ನು ಯಾರು ಕೊಡಬೇಕೋ ಅವರತ್ತ ನೋಡುತ್ತದೆ.

ತಾಯಿ ಮತ್ತು ಶಿಶುವಿನ ಮಾತಿಲ್ಲದ ಸಂಭಾಷಣೆಯಲ್ಲಿ ನಿಯತವಾದ ಲಯ, ಸ್ವರದ ಏರಿಳಿತ ಮತ್ತು ಸಣ್ಣ ಕಥೆಯಂಥ ಆದಿ ಅಂತ್ಯಗಳಿರುವುದನ್ನು ಸ್ಟೀಫನ್ ಮ್ಯಾಲಕ್ ಮತ್ತು ಕಾಲ್ವಿನ್ ಟ್ರೆವಾರ್ಥನ್ 1990ರ ದಶಕದ ಕೊನೆಯಿಂದ ವಿವರಿಸುತ್ತ ಬಂದಿದ್ದಾರೆ. ಕನ್ನಡದ ಮನೆಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಜ್ಜಿ ಮೊಮ್ಮಗುವಿನ ಅಂಗೈಯಲ್ಲಿ ಅನ್ನ ಕಲಸುವಂತೆ ಬೆರಳಾಡಿಸಿ, ಬೆರಳೊಂದೊಂದಕ್ಕೂ ತುತ್ತು ಕೊಟ್ಟು, ತನ್ನ ಎರಡು ಬೆರಳುಗಳನ್ನು ಮಗುವಿನ ತೋಳಿನ ಮೇಲೆ ನಡೆಸುತ್ತ ಕಂಕುಳಿಗೆ ತಂದು ಕಚಗುಳಿಯಿಡುವ ಆಟವನ್ನು ಗಮನಿಸಬಹುದು. ಈ ಆಟದಲ್ಲಿ ಎರಡು ಪದರಗಳಿವೆ. ಅನ್ನ, ತುತ್ತು, ದಾರಿ ಎಂಬುದೆಲ್ಲ ಸೋಗು. ಅದರ ಕೆಳಗೆ ಏರುತ್ತ ಹೋಗುವ ಧ್ವನಿ, ಹತ್ತಿರವಾಗುತ್ತ ಬರುವ ಬೆರಳು, ಕಂಕುಳಿನ ಬಳಿ ಒಂದು ಕ್ಷಣದ ನಿಲುಗಡೆ ಹಾಗೂ ಕಚಗುಳಿ ಇವೆ. ಸೋಗನ್ನು ಗ್ರಹಿಸದ ಮಗುವೂ ಕೆಳಗಿನ ಪದರದ ಬಲದಿಂದಲೇ ಈ ಆಟವನ್ನು ಪೂರ್ತಿಯಾಗಿ ಆಡಬಲ್ಲದು. ಹಾಗೆ ಆಡುತ್ತ ಆಡುತ್ತ ಮೇಲಿನ ಪದರ ಒಂದು ದಿನ ಅದಕ್ಕೆ ಎಟುಕಿದರೂ ಎಟುಕಬಹುದು. ಲಯದ ಮೇಲೆ ಸೋಗನ್ನು ಕಟ್ಟುವ ಈ ಅನುಕ್ರಮವೇ ಸಂಗೀತ ಮತ್ತು ಆಟಗಳ ಸಂಯುಕ್ತ ಚಿಕಿತ್ಸೆಗೆ ತಳಹದಿ.

ಸಂಯೋಜನೆಯ ಎರಡು ಮಾದರಿಗಳು

ಈ ಅನುಕ್ರಮವನ್ನು ಬುದ್ಧಿಪೂರ್ವಕವಾಗಿ ಬಳಸಿದ ಪ್ರಯತ್ನಗಳಲ್ಲಿ ಎರಡನ್ನು ವಿಸ್ತಾರವಾಗಿ ನೋಡುವುದು ಉಚಿತ. ಮೊದಲನೆಯದು ಬ್ರಿಟನ್ನಿನಲ್ಲಿ ಬೆಳೆದ ಸಂಗೀತ ಒಡನಾಟದ ಚಿಕಿತ್ಸೆ. ಡಾನ್ ವಿಂಪೊರಿ ಮತ್ತು ಸಂಗಡಿಗರು 1995ರಲ್ಲಿ ಇದರ ಒಂದು ಪ್ರಕರಣ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ಮೂರು ವರ್ಷದ ಹುಡುಗಿ ಮತ್ತು ಅವಳ ತಾಯಿ ಕೋಣೆಯಲ್ಲಿ ಆಡುತ್ತಾರೆ. ವಾದಕ ಅಲ್ಲಿಯೇ ಇದ್ದು ಅವರಿಬ್ಬರ ಆಟಕ್ಕೆ ಸಂಗೀತವನ್ನು ಹೊಂದಿಸುತ್ತ ಹೋಗುತ್ತಾರೆ. ಮಗು ಓಡಿದರೆ ವಾದ್ಯ ಓಡುತ್ತದೆ, ಕುಳಿತರೆ ನಿಧಾನಿಸುತ್ತದೆ, ತಾಯಿ ಮಗುವನ್ನು ಎತ್ತಲು ಕೈ ಚಾಚಿದಾಗ ಸ್ವರ ಏರಿ ನಿಲ್ಲುತ್ತದೆ. ಇಲ್ಲಿ ಚಿಕಿತ್ಸಕರು ಮಗುವಿನೊಡನೆ ಆಡುವುದಿಲ್ಲ ಎಂಬುದೇ ವಿಶೇಷ. ಮಗುವಿನ ಸಂಬಂಧ ತಾಯಿಯೊಡನೆ. ವಾದಕ ಆ ಸಂಬಂಧಕ್ಕೆ ಶ್ರುತಿ ಹಿಡಿಯುವವರು ಮಾತ್ರ. ಮಗು ಸಂಗೀತವನ್ನು ಮೆಚ್ಚಿ ಸಂಗೀತಗಾರರಿಗೆ ಅಂಟಿಕೊಳ್ಳುವ, ಮನೆಗೆ ಮರಳಿದ ಮೇಲೆ ಏನೂ ಉಳಿಯದ ಅಪಾಯವನ್ನು ಈ ಏರ್ಪಾಡು ಮೂಲದಲ್ಲಿಯೇ ತಪ್ಪಿಸುತ್ತದೆ. ಹುಡುಗಿಯ ನೋಟದಲ್ಲಿ, ತಾಯಿಯ ಇರವನ್ನು ಗುರುತಿಸುವುದರಲ್ಲಿ, ತಾನಾಗಿ ಆಟವನ್ನು ಆರಂಭಿಸುವುದರಲ್ಲಿ ಸುಧಾರಣೆ ಕಂಡುಬಂದಿತು. ಸುಮಾರು ಎರಡು ವರ್ಷಗಳ ಬಳಿಕ ನೋಡಿದಾಗಲೂ ಅದು ಉಳಿದಿತ್ತು. ಒಬ್ಬಳೇ ಹುಡುಗಿಯ ವೃತ್ತಾಂತ ಎಲ್ಲ ಮಕ್ಕಳಿಗೂ ಪ್ರಮಾಣವಾಗಲಾರದು. ಆದರೂ ವಿಧಾನದ ವಿನ್ಯಾಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಅಪರೂಪ.

ಎರಡನೆಯದು ಅಮೆರಿಕದ ಉತ್ತರ ಕ್ಯಾರೊಲಿನಾದ ಶಿಶುಪಾಲನಾ ಕೇಂದ್ರವೊಂದರಲ್ಲಿ ನಡೆದುದು. ಪೆಟ್ರಾ ಕರ್ನ್ ಮತ್ತು ಡೇವಿಡ್ ಆಲ್ಡ್ರಿಜ್ 2006ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು. ಸ್ವಲೀನತೆಯ ನಾಲ್ವರು ಬಾಲಕರು ಇತರ ಮಕ್ಕಳೊಡನೆ ಒಂದೇ ಆಟದ ಬಯಲನ್ನು ಹಂಚಿಕೊಂಡಿದ್ದರೂ ಒಂಟಿಯಾಗಿ ಸುತ್ತುತ್ತಿದ್ದರು. ಸಂಶೋಧಕರು ಬಯಲಿನಲ್ಲಿ ವಾದ್ಯಗಳನ್ನು ಅಳವಡಿಸಿದ ಒಂದು ಸಂಗೀತದ ಗುಡಿಸಲನ್ನು ಕಟ್ಟಿಸಿದರು. ಗುಡಿಸಲು ಬಾಲಕರನ್ನು ಸೆಳೆಯಿತು, ಆದರೆ ಅದರಿಂದಲೇ ಸಹಪಾಠಿಗಳೊಡನೆ ಒಡನಾಟ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅನಂತರ ಪ್ರತಿಯೊಬ್ಬ ಬಾಲಕನಿಗೂ ಅವನ ಅಗತ್ಯಕ್ಕೆ ತಕ್ಕ ಬೇರೆ ಬೇರೆ ಹಾಡನ್ನು ರಚಿಸಿ, ಅದನ್ನು ಶಿಕ್ಷಕಿಯರಿಗೂ ಓರಗೆಯ ಮಕ್ಕಳಿಗೂ ಕಲಿಸಲಾಯಿತು. ಆಗ ಒಡನಾಟವೂ ಅರ್ಥಪೂರ್ಣ ಆಟವೂ ಹೆಚ್ಚಿದವು. ವಾದ್ಯಗಳಿಗಾಗಿ ಹಣ ವೆಚ್ಚ ಮಾಡಿ, ಅವುಗಳನ್ನು ಹೇಗೆ ಆಡಬೇಕೆಂದು ಸುತ್ತಲಿನವರಿಗೆ ಕಲಿಸದೆ ಬಿಡುವ ಶಾಲೆಗಳು ಈ ಅಧ್ಯಯನವನ್ನು ಅವಶ್ಯವಾಗಿ ಓದಬೇಕು. ತೊಂದರೆ ಸ್ವಲೀನತೆಯ ಮಗುವಿನೊಳಗೆ ಮಾತ್ರ ಇರುವುದಿಲ್ಲ, ಅದನ್ನು ಆಟಕ್ಕೆ ಕರೆಯಲು ತಿಳಿಯದ ಇತರರಲ್ಲಿಯೂ ಇರುತ್ತದೆ.

ಪ್ರಯೋಗಗಳ ಸಾಕ್ಷ್ಯ

ಸಂಗೀತ ಮತ್ತು ಆಟಿಕೆಯ ಆಟಗಳನ್ನು ನೇರವಾಗಿ ಹೋಲಿಸಿದ ಅಧ್ಯಯನಗಳು ಹೆಚ್ಚಿಲ್ಲ. ಕೊರಿಯಾದಲ್ಲಿ ಜಿನಾ ಕಿಮ್ ಅವರು ಟೋನಿ ವಿಗ್ರಾಂ ಮತ್ತು ಕ್ರಿಸ್ಟಿಯನ್ ಗೋಲ್ಡ್ ಜೊತೆಗೂಡಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಅವುಗಳಲ್ಲೊಂದು. ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳು ಕೆಲವು ವಾರ ಆಶುಸಂಗೀತದ ಚಿಕಿತ್ಸೆಯಲ್ಲಿಯೂ ಇನ್ನು ಕೆಲವು ವಾರ ಆಟಿಕೆಗಳ ಆಟದಲ್ಲಿಯೂ ಭಾಗವಹಿಸಿದರು. ಯಾವುದು ಮೊದಲು ಎಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಅದೇ ಮಗು ಆಟಿಕೆಗಳ ನಡುವೆ ಇದ್ದುದಕ್ಕಿಂತ ಸಂಗೀತದ ನಡುವೆ ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿತು, ಹೆಚ್ಚು ಹೊತ್ತು ಸರದಿಯಾಟದಲ್ಲಿ ತೊಡಗಿತು. ಮರುವರ್ಷ ಇದೇ ತಂಡ ಪ್ರಕಟಿಸಿದ ಲೇಖನ ಮಕ್ಕಳ ಸಂತೋಷದ ಗಳಿಗೆಗಳನ್ನು ಕುರಿತದ್ದಾಗಿತ್ತು. ಸಂತೋಷವನ್ನು ಅಳತೆಗೆ ಯೋಗ್ಯವೆಂದು ಬಗೆದುದೇ ಈ ತಂಡದ ಮುಖ್ಯ ಕೊಡುಗೆಯೆನ್ನಬಹುದು. ಪ್ರಯೋಗವನ್ನು ಪೂರ್ಣಗೊಳಿಸಿದ ಮಕ್ಕಳು 10 ಮಂದಿ ಮಾತ್ರವೆಂಬುದನ್ನು ಮರೆಯುವಂತಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೇಘಾ ಶಾರದಾ ಮತ್ತು ಸಂಗಡಿಗರು 6ರಿಂದ 12 ವರ್ಷದ 51 ಮಕ್ಕಳೊಡನೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಇಲ್ಲಿಯೂ ಹೋಲಿಕೆಯ ಗುಂಪಿಗೆ ಸಂಗೀತವಿಲ್ಲದ ಆಟದ ಚಿಕಿತ್ಸೆಯನ್ನು ಕೊಡಲಾಗಿತ್ತು. ಸಂಗೀತದ ಗುಂಪಿನ ಮಕ್ಕಳ ಸಂವಹನ ಉತ್ತಮಗೊಂಡಿತೆಂದು ಪಾಲಕರು ವರದಿ ಮಾಡಿದರು. ಮಿದುಳಿನ ಚಿತ್ರಣದಲ್ಲಿ ಶ್ರವಣ ಮತ್ತು ಚಲನೆಗೆ ಸಂಬಂಧಿಸಿದ ಭಾಗಗಳ ನಡುವಿನ ಸಂಪರ್ಕ ಹೆಚ್ಚಿದುದು ಕಂಡುಬಂದಿತು.

ಇವೆರಡರಿಂದ ಹುಟ್ಟಬಹುದಾದ ಉತ್ಸಾಹವನ್ನು ತಹಬಂದಿಗೆ ತರುವಂಥದು 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹೊರಬಂದ ಬಹುದೊಡ್ಡ ಪ್ರಯೋಗದ ಫಲಿತಾಂಶ. ಒಂಬತ್ತು ದೇಶಗಳ, 4ರಿಂದ 7 ವರ್ಷದೊಳಗಿನ 364 ಮಕ್ಕಳು ಅದರಲ್ಲಿ ಭಾಗವಹಿಸಿದ್ದರು. ಒಂದು ಗುಂಪಿಗೆ ರೂಢಿಯ ಆರೈಕೆ ಮತ್ತು ಪಾಲಕರಿಗೆ ಸಲಹೆ, ಇನ್ನೊಂದಕ್ಕೆ ಅವುಗಳೊಡನೆ ಆಶುಸಂಗೀತದ ಚಿಕಿತ್ಸೆ. ಐದು ತಿಂಗಳ ಬಳಿಕ ಸ್ವಲೀನತೆಯ ಸಾಮಾಜಿಕ ಲಕ್ಷಣಗಳ ಅಳತೆಯಲ್ಲಿ ಎರಡೂ ಗುಂಪುಗಳು ಅಲ್ಪ ಸುಧಾರಣೆ ತೋರಿದವು. ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕಾಕ್ರೇನ್ ಸಂಸ್ಥೆ 2022ರಲ್ಲಿ 26 ಅಧ್ಯಯನಗಳನ್ನೂ 1165 ಭಾಗಿಗಳನ್ನೂ ಒಳಗೊಂಡು ಪ್ರಕಟಿಸಿದ ಸಮೀಕ್ಷೆಯ ನಿರ್ಣಯ ಇವೆಲ್ಲವನ್ನೂ ತೂಗಿನೋಡಿದಂಥದು. ಸಂಗೀತ ಚಿಕಿತ್ಸೆಯಿಂದ ಒಟ್ಟಾರೆ ಸುಧಾರಣೆಯ ಸಂಭವ ಹೆಚ್ಚುತ್ತದೆ, ಜೀವನದ ಗುಣಮಟ್ಟ ಉತ್ತಮಗೊಳ್ಳುತ್ತದೆ, ಹಾನಿ ಹೆಚ್ಚುವುದಿಲ್ಲ ಎಂಬುದು ಅದರ ಒಂದು ಭಾಗ. ಸಾಮಾಜಿಕ ಒಡನಾಟ, ಮಾತು ಮತ್ತು ಮಾತಿಲ್ಲದ ಸಂವಹನಗಳಲ್ಲಿ ಚಿಕಿತ್ಸೆ ಮುಗಿದ ಕೂಡಲೇ ಸ್ಪಷ್ಟ ವ್ಯತ್ಯಾಸಕ್ಕೆ ಆಧಾರವಿಲ್ಲ ಎಂಬುದು ಇನ್ನೊಂದು ಭಾಗ.

ಇವುಗಳಲ್ಲಿ ವಿರೋಧಾಭಾಸವಿದೆಯೆಂದು ತೋರಬಹುದು. ಕಿಮ್ ಅವರ ತಂಡ ಅಳೆದುದು ಆಟ ನಡೆಯುತ್ತಿರುವಾಗ ಮಗು ಹೇಗಿತ್ತು ಎಂಬುದನ್ನು. ಬಹುರಾಷ್ಟ್ರೀಯ ಪ್ರಯೋಗ ಅಳೆದುದು ಸಂಗೀತವಿಲ್ಲದ ಕೋಣೆಯಲ್ಲಿ ಪರೀಕ್ಷಕರ ಮುಂದೆ ಸ್ವಲೀನತೆಯ ಲಕ್ಷಣಗಳು ಎಷ್ಟು ಉಳಿದಿದ್ದವು ಎಂಬುದನ್ನು. ಸಂಗೀತದೊಳಗೆ ಸಾಧ್ಯವಾದುದು ತಾನಾಗಿಯೇ ಸಂಗೀತದ ಹೊರಗೆ ಹರಿದುಬರುವುದಿಲ್ಲ; ಅದನ್ನು ದಾಟಿಸುವ ಸೇತುವೆಯನ್ನು ಪ್ರತ್ಯೇಕವಾಗಿ ಕಟ್ಟಬೇಕಾಗುತ್ತದೆ. ತಾಯಿಯನ್ನೂ ಓರಗೆಯ ಮಕ್ಕಳನ್ನೂ ಸಂಗೀತದ ಒಳಗೆ ಕರೆದುಕೊಂಡ ಮೇಲಿನ ಎರಡು ಮಾದರಿಗಳ ಮಹತ್ವ ಇಲ್ಲಿಯೇ ಇದೆ. ಸಂಗೀತದಿಂದ ಸ್ವಲೀನತೆ ಗುಣವಾಗುತ್ತದೆಂದು ಹೇಳುವವರ ಮಾತಿಗೆ ಮಾತ್ರ ಈ ಯಾವ ಅಧ್ಯಯನದಲ್ಲಿಯೂ ಆಧಾರವಿಲ್ಲ. ಸ್ವಲೀನತೆ ಗುಣವಾಗಬೇಕಾದ ರೋಗವೇ ಎಂಬ ಪ್ರಶ್ನೆಯನ್ನು ಸ್ವಲೀನತೆಯುಳ್ಳ ವಯಸ್ಕರೇ ಇಂದು ಎತ್ತುತ್ತಿದ್ದಾರೆ. ಮಗು ದೇಹವನ್ನು ತೂಗುವುದನ್ನು ತಡೆಯಬೇಕಾದ ದುರಭ್ಯಾಸವೆಂದು ನೋಡದೆ, ಅದರ ಲಯಕ್ಕೆ ತಾಳ ಹಾಕಿದ ನಾರ್ಡಾಫ್ ಪರಂಪರೆಗೆ ಈ ಪ್ರಶ್ನೆ ಅಪರಿಚಿತವೇನೂ ಅಲ್ಲ.

ರಾಗ ಚಿಕಿತ್ಸೆಯ ಪ್ರಶ್ನೆ ಮತ್ತು ಕನ್ನಡದ ಸಾಧನಗಳು

ಭಾರತದಲ್ಲಿ ಸ್ವಲೀನತೆಗೆ ಶಾಸನದ ಮನ್ನಣೆ ದೊರೆತದ್ದು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ಗಳಿಂದಾಗಿ ಕರ್ನಾಟಕದಲ್ಲಿ ನಿದಾನಕ್ಕೂ ವಾಕ್ ಚಿಕಿತ್ಸೆಗೂ ಬಲವಾದ ನೆಲೆಗಳಿವೆ. ಆದರೆ ಸಂಗೀತದ ವಿಷಯ ಬಂದಾಗ ನಮ್ಮಲ್ಲಿ ಮೊದಲು ಕೇಳಿಬರುವುದು ಯಾವ ರಾಗವನ್ನು ಕೇಳಿಸಬೇಕೆಂಬ ಪ್ರಶ್ನೆ. ಒಂದೊಂದು ಕಾಯಿಲೆಗೆ ಒಂದೊಂದು ರಾಗವನ್ನು ಸೂಚಿಸುವ ಪಟ್ಟಿಗಳು ಪ್ರಚಾರದಲ್ಲಿವೆ. ಸ್ವಲೀನತೆಗೆ ನಿರ್ದಿಷ್ಟ ರಾಗವೊಂದು ಔಷಧದಂತೆ ಕೆಲಸ ಮಾಡುತ್ತದೆಂಬುದಕ್ಕೆ ಮೇಲೆ ಹೇಳಿದ ಬಗೆಯ ಪುರಾವೆ ಇಲ್ಲ. ಕೇವಲ ಕೇಳಿಸುವ ವಿಧಾನಗಳ ಬಗೆಗೆ ಪಶ್ಚಿಮದ ಅನುಭವವೂ ನಿರುತ್ಸಾಹಕರ. ಸಂಸ್ಕರಿಸಿದ ಸಂಗೀತವನ್ನು ಕಿವಿಗವಸಿನ ಮೂಲಕ ಕೇಳಿಸುವ, ಫ್ರಾನ್ಸಿನ ಗಿ ಬೆರಾರ್ ರೂಪಿಸಿದ ತರಬೇತಿಯನ್ನು ಕಾಕ್ರೇನ್ ಸಮೀಕ್ಷೆ 2011ರಲ್ಲಿ ಪರಿಶೀಲಿಸಿ, ಅದನ್ನು ಬೆಂಬಲಿಸಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಧ್ವನಿಮುದ್ರಿಕೆ ಎಷ್ಟೇ ಉತ್ತಮವಾಗಿದ್ದರೂ ಅದು ಮಗುವಿಗಾಗಿ ಕಾಯಲಾರದು. ಮಗು ನಕ್ಕರೂ ಅತ್ತರೂ ಮುಂದೆ ಸಾಗುವ ಸಂಗೀತದಲ್ಲಿ ಆಟ ಹುಟ್ಟುವುದಿಲ್ಲ. ದುಬಾರಿ ರಾಗ ಸಂಪುಟಗಳಿಗೆ ಹಣ ತೆತ್ತು, ಮಗುವನ್ನು ಒಂಟಿಯಾಗಿ ಯಂತ್ರದ ಮುಂದೆ ಕೂರಿಸುವ ತಾಯಿತಂದೆಯರು ಹಣಕ್ಕಿಂತ ಹೆಚ್ಚಿನದನ್ನು, ಅಂದರೆ ಮಗುವಿನೊಡನೆ ಕಳೆಯಬಹುದಾಗಿದ್ದ ಆ ಹೊತ್ತನ್ನು, ಕಳೆದುಕೊಳ್ಳುತ್ತಾರೆ.

ಕರ್ನಾಟಕ ಸಂಗೀತದಿಂದ ಚಿಕಿತ್ಸೆ ಪಡೆದುಕೊಳ್ಳಬಹುದಾದುದು ರಾಗಗಳ ಪಟ್ಟಿಗಿಂತ ಅದರ ಒಡನಾಟದ ರೂಪಗಳನ್ನು. ಮೃದಂಗ ಮತ್ತು ಘಟ ವಾದಕರು ಸರದಿಯಂತೆ ನುಡಿಸುತ್ತ, ಸರದಿಯ ಅಳತೆಯನ್ನು ಕಿರಿದುಗೊಳಿಸುತ್ತ, ಕೊನೆಗೆ ಇಬ್ಬರೂ ಒಂದಾಗಿ ನುಡಿಸುವ ತನಿ ಆವರ್ತನದ ಭಾಗವೊಂದಿದೆ. ಅದನ್ನು ಎರಡು ಮೂರು ಪೆಟ್ಟುಗಳಿಗೆ ಇಳಿಸಿದರೆ ಮಾತಿಲ್ಲದ ಮಗುವಿನೊಡನೆಯೂ ಆಡಬಹುದಾದ ಸರದಿಯಾಟ ಸಿದ್ಧವಾಗುತ್ತದೆ. ಬಾಯಿಂದ ಹೇಳುವ ಸೊಲ್ಲುಗಳಿಗೆ ಅರ್ಥವಿಲ್ಲದಿರುವುದೇ ಇಲ್ಲಿ ಅನುಕೂಲ. ಪದದ ಅರ್ಥದ ಹೊರೆಯಿಲ್ಲದೆ ನಾಲಗೆ ತುಟಿಗಳು ಇನ್ನೊಬ್ಬರನ್ನು ಅನುಕರಿಸಬಹುದು. ಇದನ್ನೇ ಪಾಠವನ್ನಾಗಿಸಿ, ತಪ್ಪಿದಾಗಲೆಲ್ಲ ತಿದ್ದತೊಡಗಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ಸರಳೆ ವರಸೆಯನ್ನು ಶುದ್ಧವಾಗಿ ಒಪ್ಪಿಸುವ ಸ್ವಲೀನತೆಯ ಮಕ್ಕಳು ಹಲವರಿದ್ದಾರೆ. ಅದು ಗೌರವಿಸಬೇಕಾದ ಸಂಗೀತ ಶಿಕ್ಷಣ, ಆದರೆ ಅದನ್ನೇ ಚಿಕಿತ್ಸೆಯೆಂದು ಕರೆಯುವುದು ಸರಿಯಲ್ಲ. ಕೆಲವು ಮಕ್ಕಳಿಗೆ ತಾಳದ ಲೋಹದ ನಾದ ಅಥವಾ ತಮಟೆಯ ಅಬ್ಬರ ನೋವನ್ನೇ ಉಂಟುಮಾಡುತ್ತದೆಂಬುದನ್ನೂ ನೆನಪಿಡಬೇಕು. ಅಂಥ ಮಗುವಿನ ಚಿಕಿತ್ಸೆ ಗೆಜ್ಜೆಯೊಂದರಿಂದ, ಅಥವಾ ಮೇಜಿನ ಮೇಲೆ ಬೆರಳ ತುದಿಯ ಸದ್ದಿನಿಂದ ಆರಂಭವಾಗಬಹುದು. ಕಿವಿ ಮುಚ್ಚಿಕೊಂಡ ಮಗುವಿನ ಕೈಯನ್ನು ಬಲವಂತವಾಗಿ ಇಳಿಸುವುದು ಎಂದಿಗೂ ಸಲ್ಲದು.

ಜನಪದ ಮಕ್ಕಳ ಆಟಗಳು ಇನ್ನೂ ದೊಡ್ಡ ಸಂಪತ್ತು. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿದವರು ಹಾಡು ಮುಗಿಯುವವರೆಗೆ ಕೈ ತೆಗೆಯುವಂತಿಲ್ಲ. ಹಾಡೇ ಗಡಿಯಾರ, ಹಾಡಿನ ಕೊನೆಯೇ ಬಿಡುಗಡೆ. ಕೈ ತಿರುಗಿಸುತ್ತ ಆಡಿಸುವ ತಾರಮ್ಮಯ್ಯ, ಚಪ್ಪಾಳೆಯ ಆಟಗಳು, ಬೆನ್ನ ಮೇಲೆ ಹೊತ್ತು ತಿರುಗುವ ಉಪ್ಪಿನ ಮೂಟೆ ಇವೆಲ್ಲವೂ ಧ್ವನಿ, ಚಲನೆ, ನಿಲುಗಡೆಗಳನ್ನು ಒಟ್ಟಿಗೆ ಹೆಣೆದವು. ಆದರೆ ಇವನ್ನು ಬಳಸಲು ಹೊರಟ ಚಿಕಿತ್ಸಕರು ಗ್ರಂಥಾಲಯಕ್ಕೆ ಬಂದರೆ ಅವರಿಗೆ ದೊರೆಯುವುದು ಅರ್ಧ ಮಾತ್ರ. ಜನಪದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಹಾಡಿನ ಸಾಲುಗಳು ಮುದ್ರಿತವಾಗಿರುತ್ತವೆ. ಯಾವ ಅಕ್ಷರದ ಮೇಲೆ ಕೈ ಬೀಳುತ್ತದೆ, ಕೊನೆಯ ಪದಕ್ಕೆ ಮೊದಲು ಅಜ್ಜಿ ಎಷ್ಟು ಹೊತ್ತು ತಡೆಯುತ್ತಾಳೆ, ಮಗುವಿನ ಮುಖ ಆಗ ಎತ್ತ ತಿರುಗಿರುತ್ತದೆ, ಮಗು ಪ್ರತಿಕ್ರಿಯಿಸದಿದ್ದರೆ ಅವಳು ಧ್ವನಿಯನ್ನು ಏರಿಸುತ್ತಾಳೋ ಇಳಿಸುತ್ತಾಳೋ ಎಂಬ ವಿವರಗಳು ಅಕ್ಷರಕ್ಕೆ ಇಳಿದಿರುವುದು ವಿರಳ. ಚಿಕಿತ್ಸೆಗೆ ಬೇಕಾದುದು ಈ ಉಳಿದ ಅರ್ಧ. ಈ ಹಾಡುಗಳನ್ನು ಆಡಿಸಿ ಬಲ್ಲ ಹಿರಿಯ ಹೆಂಗಸರು ಇನ್ನೂ ಇರುವಾಗಲೇ, ತೊಡೆಯ ಮೇಲೆ ಮಗುವೊಂದನ್ನು ಕೂರಿಸಿಕೊಂಡು ಆಡಿಸುವಂತೆ ಅವರನ್ನು ಕೇಳಿ, ದೃಶ್ಯ ಮುದ್ರಣ ಮಾಡಿ, ಕೈ ಮತ್ತು ನಿಲುಗಡೆಗಳನ್ನು ಹಾಡಿನ ಪಠ್ಯದ ಜೊತೆಯಲ್ಲಿ ಗುರುತಿಸಿಡುವ ಕೆಲಸವನ್ನು ಜಾನಪದ ಸಂಶೋಧಕರು ಮತ್ತು ವಾಕ್ ಚಿಕಿತ್ಸಕರು ಕೂಡಿ ಮಾಡಬಹುದು. ಹಾಡಿನ ಪದಗಳು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವುದರಿಂದ ಮಗುವಿನ ಮನೆಯಲ್ಲಿ ರೂಢಿಯಲ್ಲಿರುವ ಪಾಠವನ್ನೇ ಬಳಸಬೇಕಾಗುತ್ತದೆ.